ಶ್ರೀಲತಾಳ ಇಪ್ಪತ್ತು ನಿಮಿಷ

ಅಲ್ಲಮ್ಮ ಅನುಪಮಾ, ಆ ಸಾಲು ಹೊಡೆದು ಹಾಕು. ‘ಶ್ರೀಲತಾ ಸುಲಭವಾಗಿ ಪಾಸಾದಳು’ ಅಂತ ನಾನು ಎಲ್ಲಿ ಹೇಳಿದೆ? ಮೊದಲಿನಿಂದ ಹೇಳುತ್ತೇನೆ, ಬರೆದುಕೋ. ನಿಮ್ಮ ಶಾಲೆಯವರು ‘ನಮ್ಮ ಬೀದಿಯವರು’ ಅಂತ ಪುಸ್ತಕ ಮಾಡುವುದಾದರೆ ನನ್ನ ಮಾತನ್ನು ಪುಸ್ತಕಕ್ಕೆ ತಕ್ಕ ಹಾಗೆ ತಿದ್ದಿಕೋ, ಬೇಜಾರಿಲ್ಲ. ಬೇರೆಯವರ ಮಾತನ್ನು ಮಾತ್ರ ಅವರು ಆಡಿದ ಹಾಗೇ ಇಡು.

ಶ್ರೀಲತಾ ನನ್ನ ಸೊಸೆ, ನನ್ನ ಮಗ ಭೀಮರಾಜುವಿನ ಹೆಂಡತಿ. ತವರು ಪಾವಗಡದ ಆಚೆ, ತಿರುಮಣಿ. ಮದುವೆಯಾಗಿ ಮಧುಗಿರಿಗೆ ಬಂದಾಗಲೇ ಬಿ.ಎ. ಮುಗಿಸಿದ್ದಳು. ಆಮೇಲೆ ಎರಡು ಹೆರಿಗೆ, ನನ್ನ ಮಂಡಿ ನೋವು, ಇವರ ಆಸ್ಪತ್ರೆ ಓಡಾಟ. ಇವರು ಅಂದರೆ ನಮ್ಮ ಯಜಮಾನರು, ಕದಿರಯ್ಯನವರು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ದಿನಪತ್ರಿಕೆ ಓದಿಸಿಕೊಳ್ಳುತ್ತಿದ್ದರು. ಓದುತ್ತಿದ್ದವಳು ಇವಳೇ. ಪಕ್ಕದ ಮಂಚದವರೂ ಮಾತು ನಿಲ್ಲಿಸಿ ಕೇಳುತ್ತಿದ್ದರು. ಅಂಥಾ ದನಿ ಅವಳದು.

ನಿನಗೂ ಆ ದನಿ ಗೊತ್ತು. ಬೆಳಿಗ್ಗೆ ಕಸದ ಗಾಡಿ ಬಂದಾಗ ‘ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಕೊಡಿ ತಾಯಂದಿರೇ’ ಅನ್ನುತ್ತದಲ್ಲ, ಅದು ಅವಳೇ. ಬಸ್‌ಸ್ಟ್ಯಾಂಡ್ ಹತ್ತಿರ ನವೀನ್‌ಕುಮಾರನ ಫ್ಲೆಕ್ಸ್ ಅಂಗಡಿಯಲ್ಲಿ ಆರು ವರ್ಷದಿಂದ ಕೆಲಸಕ್ಕಿದ್ದಾಳೆ. ಆಟೋದಲ್ಲಿ ಕೂಗಿಸುವ ಪ್ರಚಾರವನ್ನೂ ಅಲ್ಲೇ ರೆಕಾರ್ಡ್ ಮಾಡಿಕೊಡುತ್ತಾರೆ. ಒಂದು ದಿನ ಮನೆಯಲ್ಲಿ ನನ್ನ ಮೇಲೆ ರೇಗಿದ್ದಾಳೆ, ಅದೇ ಹೊತ್ತಿಗೆ ಬೀದಿಯಲ್ಲಿ ಅವಳದೇ ದನಿ ‘ತಾಯಂದಿರೇ, ಸಹಕರಿಸಿ’ ಅನ್ನುತ್ತಾ ಬಂತು. ಭೀಮರಾಜು ನಕ್ಕೂ ನಕ್ಕೂ ಸುಸ್ತಾದ.

ಹೋದ ವರ್ಷ ತೋವಿನಕೆರೆಯ ರೈತ ಸಂಘದವರು ಸಣ್ಣದೊಂದು ರೇಡಿಯೋ ಕೇಂದ್ರ ಶುರು ಮಾಡುತ್ತೇವೆ ಅಂದರು. ಊರಿನವರ ಕಾರ್ಯಕ್ರಮ ಮಾಡುವುದಕ್ಕೆ ಒಬ್ಬರು ಬೇಕು, ಪದವಿಯ ಮೇಲೆ ಸಮೂಹ ಸಂವಹನದ ಸರ್ಟಿಫಿಕೇಟ್ ಇರಬೇಕು ಅಂತ ಷರತ್ತು ಹಾಕಿದರು. ತುಮಕೂರಿನಲ್ಲಿ ಭಾನುವಾರದ ತರಗತಿ, ಒಂದು ವರ್ಷದ ಕೋರ್ಸು. ಇವಳು ನನ್ನ ಹತ್ತಿರ ಬಂದು ಕೂತಳು.

“ಅತ್ತೆ, ನಂಗೆ ಮೂವತ್ತೆಂಟು. ಈಗ ಬುಟ್ರೆ ಇನ್ಯಾವತ್ತೂ ಆಗಾಕಿಲ್ಲ. ಹೋಗ್ಲಾ?”

“ಹೋಗವ್ವ. ಭಾನುವಾರದ ಮುದ್ದೆ ನಾನು ತಿರುವ್ತೀನಿ. ಗಂಟಾದ್ರೆ ನಿನ್ ಗಂಡ ತಿಂತಾನೆ ಬುಡು” ಅಂದೆ.

ಹೀಗೆ ಪ್ರತಿ ಭಾನುವಾರ ಆರೂವರೆ ಬಸ್ಸಿಗೆ ಕೊರಟಗೆರೆ ಮೇಲೆ ತುಮಕೂರು. ಅಲ್ಲಿ ಬಸವಲಿಂಗಯ್ಯ ಅಂತ ಮೇಷ್ಟ್ರು. ಸುದ್ದಿ ಬರೆಯುವುದಕ್ಕೆ ಮೊದಲು ಯಾರು, ಏನು, ಎಲ್ಲಿ, ಯಾವಾಗ, ಯಾಕೆ ಅಂತ ಕೇಳಿಕೊಳ್ಳಬೇಕು ಅಂತ ಹೇಳಿಕೊಟ್ಟರಂತೆ. ನಾನು ನಲವತ್ತು ವರ್ಷ ಹಾಸ್ಟೆಲಿನಲ್ಲಿ ಅಡುಗೆ ಮಾಡಿದವಳು. ಸಾರಿನ ಪಾತ್ರೆಯಲ್ಲಿ ಸೌಟು ಕಾಣದಿದ್ದರೆ ನಾನೂ ಇವನ್ನೇ ಕೇಳುತ್ತಿದ್ದೆ. ಮೊದಲ ವರದಿಗೆ ಇವಳು ಸಿರಾ ಕಡೆ ಪಟ್ಟನಾಯಕನಹಳ್ಳಿ ಮಠದ ಒಂದು ಸಭೆಗೆ ಹೋದಳು. ಊಟಕ್ಕೆ ಏನೇನು ಬಡಿಸಿದರು, ಎಷ್ಟು ಪಂಕ್ತಿ ಎದ್ದಿತು ಅಂತ ಚೆಂದಾಗಿ ಬರೆದಿದ್ದಳು. ಯಾರು ಮಾತಾಡಿದರು, ಏನು ಹೇಳಿದರು ಅನ್ನುವುದು ಒಂದು ಸಾಲೂ ಇರಲಿಲ್ಲ. ಮೇಷ್ಟ್ರು ಕೆಂಪು ಮಸಿಯಲ್ಲಿ ‘ಊಟ ಆಯಿತು, ಸುದ್ದಿ ಎಲ್ಲಿ?’ ಅಂತ ಬರೆದು ಕಳಿಸಿದರು.

ಎಲ್ಲಿದ್ದೆ? ಹಾಂ, ಪ್ರಾಜೆಕ್ಟು. ಕೊನೆಗೆ ಇಪ್ಪತ್ತು ನಿಮಿಷದ ರೇಡಿಯೋ ಕಾರ್ಯಕ್ರಮ ಮಾಡಿಕೊಡಬೇಕು. ಪೂರ್ತಿ ಕನ್ನಡದಲ್ಲಿ ಇರಬೇಕು. ಅದರಲ್ಲಿ ಪಾಸಾದರೆ ಸರ್ಟಿಫಿಕೇಟು, ಸರ್ಟಿಫಿಕೇಟು ಇದ್ದರೆ ತೋವಿನಕೆರೆ ಕೆಲಸಕ್ಕೆ ಅರ್ಜಿ.

ಅವಳು ತವರಿಗೆ ಹೋಗಿ ಚಿಕ್ಕಮ್ಮ ಸರಸಮ್ಮನನ್ನು ಮಾತಾಡಿಸಿಕೊಂಡು ಬಂದಳು. ಸರಸಮ್ಮನ ನಾಲ್ಕು ಎಕರೆ ಸೋಲಾರ್‌ನವರಿಗೆ ಗುತ್ತಿಗೆಗೆ ಹೋಗಿದೆ. ಕಡಲೆಕಾಯಿ ಕಿತ್ತ ಹೊಲ ಈಗ ಎಲ್ಲಿದೆ ಅಂತ ಅವಳಿಗೇ ಗುರುತು ಸಿಗುವುದಿಲ್ಲ, ಕನ್ನಡಿಯಂಥ ಫಲಕಗಳ ಸಾಲು, ಎಲ್ಲಾ ಒಂದೇ ಥರ. ಬೇಲಿಯ ಆಚೆ ನಿಂತು ಗೇಟಿನಿಂದ ಹದಿನೇಳನೇ ಸಾಲು ಎಣಿಸಿ, ‘ನಮ್ಮ ಬಾವಿ ಅಲ್ಲಿತ್ತು’ ಅಂತಾಳೆ. ಶ್ರೀಲತಾ ಮನೆಗೆ ಬಂದು ರೆಕಾರ್ಡ್ ಮಾಡಿದ್ದನ್ನು ಹಾಕಿದಳು. ನಾನು ಅವರೆಕಾಯಿ ಸುಲಿಯುತ್ತಾ ಪೂರ್ತಿ ಕೇಳಿದೆ. ಭೀಮರಾಜುವೂ ಕೇಳಿದ. ಚೆನ್ನಾಗಿದೆ ಅಂದೆವು. ಅವಳು ಕಳಿಸಿದಳು.

ಮೂರು ವಾರ ಆದ ಮೇಲೆ ಮೇಷ್ಟ್ರ ಫೋನು. ಅವಳು ಸ್ಪೀಕರ್ ಹಾಕಿದಳು.

“ಶ್ರೀಲತಾ, ಇದು ಕನ್ನಡ ಪ್ರಾಜೆಕ್ಟ್ ಅಲ್ವೇನಮ್ಮ?”

“ಹೌದು ಸಾರ್.”

“ಮತ್ತೆ ಆರನೇ ನಿಮಿಷದಿಂದ ತೆಲುಗು ಇದೆಯಲ್ಲ?”

“ಇಲ್ಲ ಸಾರ್, ನಾವು ಕನ್ನಡದಲ್ಲೇ ಮಾತಾಡಿರೋದು.”

“ಇನ್ನೊಂದ್ಸಲ ಕೇಳಿ ನೋಡಮ್ಮ” ಅಂದು ಇಟ್ಟರು.

ಮತ್ತೆ ಹಾಕಿದೆವು. ನನಗೇನೂ ತಪ್ಪು ಕಾಣಲಿಲ್ಲ. ನಾನು ಹುಟ್ಟಿದ್ದೂ ಆಂಧ್ರದ ಗಡಿಯ ಹತ್ತಿರವೇ. ಹಾಸ್ಟೆಲಿಗೆ ಬರುತ್ತಿದ್ದ ಅರ್ಧ ಮಕ್ಕಳು ಆ ಕಡೆಯವರು. “ಸರಿಯಾಗೇ ಐತಲ್ಲಮ್ಮಿ, ಆಯಪ್ಪಂಗೆ ಕಿವಿ ಕೇಳಾಕಿಲ್ವಾ?” ಅಂದ ನನ್ನ ಮಗ. ಕೊನೆಗೆ ಅಂಗಡಿಗೆ ತಗೊಂಡು ಹೋದಳು. ನವೀನ್‌ಕುಮಾರ್ ಹೊಳವನಹಳ್ಳಿ ಕಡೆಯವನು, ಅವನಿಗೆ ತೆಲುಗು ಬಾರದು. ಐದು ನಿಮಿಷ ತಲೆ ಆಡಿಸುತ್ತಾ ಕೇಳಿದವನು ಆರನೇ ನಿಮಿಷಕ್ಕೆ ತಲೆ ನಿಲ್ಲಿಸಿದನಂತೆ.

“ಅಕ್ಕ, ಇಲ್ಲಿಂದ ನಂಗೇನೂ ತಿಳೀತಿಲ್ಲ ಕಣಕ್ಕ. ಆಯಮ್ಮ ಅಂತೂ ಬುಡು, ನೀನೂ ತೆಲುಗಲ್ಲೇ ಪ್ರಶ್ನೆ ಕೇಳಿದ್ದೀಯಲ್ಲ!”

ನೋಡು, ಚಿಕ್ಕಮ್ಮ ಬಾವಿಯ ಮಾತು ಎತ್ತಿದ್ದೇ ತೆಲುಗಿಗೆ ಹೊರಳಿದ್ದಾಳೆ, ಇವಳೂ ಹಿಂದೆಯೇ ಹೋಗಿದ್ದಾಳೆ. ಇಬ್ಬರಿಗೂ ಗೊತ್ತಾಗಿಲ್ಲ. ಕೇಳಿದ ನಮಗೂ ಗೊತ್ತಾಗಿಲ್ಲ. ಶ್ರೀಲತಾ ಆ ದಿನ ಊಟ ಮಾಡಲಿಲ್ಲ. ಸರಿಪಡಿಸಿ ಕೊಡುವುದಕ್ಕೆ ಎಂಟು ದಿನ ಕೊಟ್ಟಿದ್ದರು. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು, ಅಷ್ಟರಲ್ಲಿ ತೋವಿನಕೆರೆಗೆ ಬೇರೆ ಯಾರಾದರೂ ಬಂದು ಕೂತಿರುತ್ತಾರೆ.

ಭಾನುವಾರ ನಾನೂ ಅವಳ ಜೊತೆ ತಿರುಮಣಿಗೆ ಹೋದೆ. ಕನ್ನಡದಲ್ಲಿ ಇನ್ನೊಂದು ಸಲ ಹೇಳು ಚಿಕ್ಕಮ್ಮ ಅಂದಿದ್ದಕ್ಕೆ ಸರಸಮ್ಮ ಒಳಗೆ ಹೋಗಿ ಒಳ್ಳೆ ಸೀರೆ ಉಟ್ಟುಕೊಂಡು ಬಂದಳು. ಕುರ್ಚಿಯಲ್ಲಿ ನೆಟ್ಟಗೆ ಕೂತು, “ಯೋಜನೆಯಿಂದ ನಮಗೆ ಅನುಕೂಲ ಆಗಿದೆ. ರಸ್ತೆ ಆಗಿದೆ. ಎಲ್ಲರಿಗೂ ವಂದನೆಗಳು” ಅಂದಳು.

“ಬಾವಿ ವಿಷಯ ಹೇಳು ಚಿಕ್ಕಮ್ಮ.”

“ಬಾವಿ ಇತ್ತು. ಈಗ ಇಲ್ಲ.”

ನನಗೆ ನಗು ತಡೆಯಲಾಗಲಿಲ್ಲ. “ಏನ್ ಸರಸಮ್ಮ, ಭಾಷಣ ಮಾಡ್ತಾ ಇದ್ದೀಯಲ್ಲ! ಹೋದ್ಸಲ ಎಷ್ಟು ಚೆಂದಾಗ್ ಹೇಳಿದ್ದೆ?”

“ಏನ್ ಮಾಡ್ಲಿ ಅಕ್ಕಯ್ಯ, ಕನ್ನಡ ಮಾತಾಡ್ಕೊಂಡು ನಮ್ ಮನೇಗ್ ಬರೋರೆಲ್ಲ ಫೈಲ್ ಇಟ್ಕೊಂಡ್ ಬರ್ತಾರೆ. ಅವ್ರ ಮುಂದೆ ಇಂಗೇ ಮಾತಾಡಿ ಮಾತಾಡಿ ಅಭ್ಯಾಸ ಆಗ್ಬುಟ್ಟಿದೆ” ಅಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಶ್ರೀಲತಾ ಎರಡೂ ರೆಕಾರ್ಡಿಂಗನ್ನು ಮತ್ತೆ ಮತ್ತೆ ಕಿವಿಗೆ ಹಾಕಿಕೊಂಡಳು. ಮಧುಗಿರಿಯ ಬೆಟ್ಟ ಕಾಣುವಷ್ಟರಲ್ಲಿ ಕೇಳಿದಳು:

“ಅತ್ತೆ, ಇವತ್ತಿಂದು ಕಳ್ಸಿದ್ರೆ ಪಾಸಾಯ್ತೀನಿ. ಆದ್ರೆ ಇದು ಚಿಕ್ಕಮ್ಮ ಅಲ್ಲ. ಹಳೇದನ್ನೇ ಇಟ್ಟು, ಮೇಲೆ ಕನ್ನಡದಲ್ಲಿ ಯಾರಾದ್ರೂ ಹೇಳಿದ್ರೆ?”

“ನೀನೇ ಹೇಳು.”

“ನಾನು ಬಾಯಿ ಬುಟ್ರೆ ಮಧುಗಿರಿ ಜನ ಕಸದ ಬಕೆಟ್ ತಗೊಂಡ್ ಬರ್ತಾರೆ ಅತ್ತೆ. ನೀವೇ ಹೇಳ್ಬೇಕು.”

ಮೇಷ್ಟ್ರಿಗೆ ಫೋನು ಮಾಡಿದಳು. ಅವರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು. “ನಿಯಮ ಪೂರ್ತಿ ಕನ್ನಡ ಅನ್ನುತ್ತೆ. ಹೊರಗಿನ ಪರೀಕ್ಷಕರು ಒಪ್ಪಬಹುದು, ಒಪ್ಪದೇ ಇರಬಹುದು. ನಾನು ಮಾತು ಕೊಡಲ್ಲ. ಯೋಚನೆ ಮಾಡಿ ಕಳಿಸಿ.”

ಅವಳು ಒಂದು ರಾತ್ರಿ ಯೋಚನೆ ಮಾಡಿ ಹಳೆಯದನ್ನೇ ಹಿಡಿದಳು. ನವೀನ್‌ಕುಮಾರನ ಅಂಗಡಿಯಲ್ಲಿ ಶಟರ್ ಎಳೆದು, ಫ್ಯಾನು ನಿಲ್ಲಿಸಿ, ನನ್ನನ್ನು ಮೈಕಿನ ಮುಂದೆ ಕೂರಿಸಿದರು. ಕಿವಿಯಲ್ಲಿ ಸರಸಮ್ಮ. “ಮಾ ಬಾವಿ ಆಡ ಉಂಡೇದಿ. ಇಪ್ಪುಡು ಅಂತಾ ಅದ್ದಾಲೇ” ಅನ್ನುತ್ತಾಳೆ. ಅವಳ ದನಿ ತಗ್ಗುತ್ತಲೇ ನಾನು, “ನಮ್ ಬಾವಿ ಅಲ್ಲಿತ್ತು. ಈಗ ಎಲ್ಲಾ ಕನ್ನಡಿಗಳೇ” ಅಂದೆ. ಮೂರು ಸಲ ಕೆಮ್ಮಿದೆ, ಒಂದು ಸಲ ಹೊರಗೆ ಲಾರಿ ಹಾರನ್ ಹಾಕಿತು, ಇನ್ನೊಂದು ಸಲ ಸರಸಮ್ಮನಿಗಿಂತ ಮುಂದೆ ಓಡಿಬಿಟ್ಟೆ.

“ಅಜ್ಜಿ, ಆಯಮ್ಮಂಗೂ ಸ್ವಲ್ಪ ಜಾಗ ಬುಡಿ” ಅಂದ ನವೀನ.

ಮಧ್ಯಾಹ್ನ ಮೂರಾಯಿತು ಮುಗಿಯುವಾಗ. ಬೆನ್ನು ಬಿದ್ದುಹೋಗಿತ್ತು. ಕೊನೇ ದಿನ ಕಳಿಸಿದಳು.

ಫಲಿತಾಂಶ ಬಂದದ್ದು ಹೋದ ತಿಂಗಳು. ಪ್ರಾಜೆಕ್ಟಿಗೆ ಪಾಸಾಗುವಷ್ಟೇ ಅಂಕ, ಒಂದೂ ಹೆಚ್ಚಿಲ್ಲ. ಪರೀಕ್ಷಕರು ‘ಭಾಷೆಯ ನಿಯಮ ಪಾಲಿಸಿಲ್ಲ, ಅದಕ್ಕೆ ಅಂಕ ಕಡಿತ. ಮಾತಾಡಿದವರ ದನಿ ಉಳಿದಿದೆ’ ಅಂತ ಬರೆದಿದ್ದರಂತೆ. ಮಠದ ವರದಿ ಒಂದು ಬಿಟ್ಟು ಮಿಕ್ಕ ವಿಷಯಗಳಲ್ಲಿ ಚೆನ್ನಾಗೇ ತೆಗೆದಿದ್ದಳು. ಭೀಮರಾಜು ಹೋಳಿಗೆ ಮಾಡಿಸೋಣ ಅಂದ. ಮೊದಲು ಕೆಲಸ ಸಿಗಲಿ ಅಂದಳು ಇವಳು. ಅದೂ ಸರಿಯೇ. ತೋವಿನಕೆರೆಯವರು ಅರ್ಜಿಯ ಜೊತೆ ಅವಳ ಇಪ್ಪತ್ತು ನಿಮಿಷವನ್ನೂ ಕೇಳುತ್ತೇವೆ ಅಂದಿದ್ದಾರೆ. ಕೇಳಿ ಏನಂತಾರೋ ಗೊತ್ತಿಲ್ಲ. ಬೇರೆ ಇಬ್ಬರು ಆಗಲೇ ಅರ್ಜಿ ಹಾಕಿದ್ದಾರಂತೆ.

ನೋಡು, ಸರ್ಟಿಫಿಕೇಟು ನಿನ್ನೆ ಅಂಚೆಯಲ್ಲಿ ಬಂತು. ಅರ್ಜಿಗೆ ನಾಳೆಯೇ ಕೊನೆ. ಅಂಗಡಿಯಲ್ಲಿ ಮದುವೆ ಫ್ಲೆಕ್ಸುಗಳ ರಾಶಿ ಬಿದ್ದಿದೆ, ಶ್ರೀಲತಾಗೆ ರಜೆ ಸಿಗಲಿಲ್ಲ, ಭೀಮರಾಜುವೂ ಊರಲ್ಲಿಲ್ಲ. ನನ್ನ ಮಂಡಿಗೆ ಎರಡು ಬಸ್ಸು ಹತ್ತಿ ಇಳಿಯುವ ಶಕ್ತಿ ಇಲ್ಲ. ನೀನು ದಿನಾ ಕೊರಟಗೆರೆಗೆ ಶಾಲೆಗೆ ಹೋಗುತ್ತೀಯಲ್ಲ, ನಾಳೆ ಶಾಲೆ ಬಿಟ್ಟ ಮೇಲೆ ಅಲ್ಲಿಂದ ತೋವಿನಕೆರೆ ಬಸ್ಸು ಹತ್ತು. ಈ ಲಕೋಟೆಯಲ್ಲಿ ಅರ್ಜಿ ಇದೆ, ಸರ್ಟಿಫಿಕೇಟಿನ ಜೆರಾಕ್ಸ್ ಇದೆ, ಪೆನ್‌ಡ್ರೈವ್ ಇದೆ. ರೈತ ಸಂಘದ ಆಫೀಸು ಐದೂವರೆಗೆ ಬಾಗಿಲು ಹಾಕುತ್ತದೆ. ಒಳಗೆ ಹೋಗಿ ಕೈಯಲ್ಲೇ ಕೊಡಮ್ಮ, ಮೇಜಿನ ಮೇಲೆ ಇಟ್ಟು ಬರಬೇಡ. ಮುಟ್ಟಿತು ಅಂತ ಸೀಲು ಹಾಕಿಸಿಕೊಂಡು ಬಾ.