ಎರಡೂ ಕಡೆಯ ಸುಣ್ಣ, ಒಬ್ಬರೇ ಸಾವಂತ್ರವ್ವ

ಪುಣೆಯ ಕಾಸಾರವಾಡಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರೈಲು ಹಳಿಯ ಪಕ್ಕದ ಮಣ್ಣಿನ ಮೈದಾನದಲ್ಲಿ ಹೆಂಗಸೊಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೂಗು ಬಾಯಿಗೆ ಹಳೆಯ ಟವೆಲ್ ಬಿಗಿದು, ಕುಕ್ಕರುಗಾಲಿನಲ್ಲಿ ಕೂತು ಬಕೀಟಿನಲ್ಲಿ ಸುಣ್ಣ ಕದಡುತ್ತಿದ್ದಾರೆ. ಪಕ್ಕದಲ್ಲಿ ಎರಡು ಚೀಲಗಳಿವೆ. ಒಂದರ ಬಾಯಿಗೆ ಕೆಂಪು ದಾರ, ಇನ್ನೊಂದರ ಬಾಯಿಗೆ ನೀಲಿ ದಾರ. ಅವರು ಕೆಂಪು ದಾರದ ಚೀಲದಿಂದ ಒಂದು ಬೊಗಸೆ ತೆಗೆಯುತ್ತಾರೆ, ನೀಲಿ ದಾರದ ಚೀಲದಿಂದ ಒಂದು ಬೊಗಸೆ. ಮತ್ತೆ ಕೆಂಪು, ಮತ್ತೆ ನೀಲಿ. ಪಾಯಸಕ್ಕೆ ಸಕ್ಕರೆ ಹಾಕುವವರೂ ಇಷ್ಟು ಲೆಕ್ಕಾಚಾರ ಮಾಡಲಿಕ್ಕಿಲ್ಲ.

"ಒಂದ ಚೀಲದ ಸುಣ್ಣ ಹಾಕಿದ್ರ ಮುಗೀತ್ರಿ, ಪಂದ್ಯಾನ ನಿಂತ ಬಿಡ್ತದ" ಎನ್ನುತ್ತಾರೆ ಸಾವಂತ್ರವ್ವ, ಟವೆಲ್ಲಿನೊಳಗಿಂದಲೇ. "ಅವರ ಸುಣ್ಣಾ ಇವರು ನಂಬಂಗಿಲ್ಲ, ಇವರ ಸುಣ್ಣಾ ಅವರು ನಂಬಂಗಿಲ್ಲ. ಎರಡೂ ಕೂಡಿಸಿ ಕಲಿಸಿದ್ರ ಇಬ್ಬರೂ ನಂಬತಾರ. ಹುಚ್ಚರು ಅದಾರ, ಆದ್ರ ಒಳ್ಳೆ ಹುಚ್ಚರು."

ಈ ಒಳ್ಳೆ ಹುಚ್ಚರು ಯಾರೆಂದು ಹೇಳಿಬಿಡುತ್ತೇನೆ. ಮುಳಾ ಹೊಳೆಯ ಈ ದಂಡೆಯಲ್ಲಿ ದಾಪೋಡಿಯ 'ನವತರುಣ' ಕ್ಲಬ್ಬು, ಕೆಂಪು ಜೆರ್ಸಿ. ಆ ದಂಡೆಯಲ್ಲಿ ಬೋಪೋಡಿಯ 'ಮಾರ್ನಿಂಗ್ ಸ್ಟಾರ್', ನೀಲಿ ಜೆರ್ಸಿ. ನಡುವೆ ಒಂದು ಸೇತುವೆ, ಅರವತ್ತು ವರ್ಷಗಳ ಜಗಳ. ಇವೆರಡರ ನಡುವೆ ವರ್ಷಕ್ಕೊಮ್ಮೆ ನಡೆಯುವ ಫುಟ್‌ಬಾಲ್ ಪಂದ್ಯ ಇವತ್ತು ಸಂಜೆಗಿದೆ. ಟಿವಿಯಲ್ಲಿ ಬರುವುದಿಲ್ಲ, ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದರೆ ಹೆಚ್ಚು. ಆದರೂ ಈ ಎರಡು ಪೇಟೆಗಳಲ್ಲಿ ಇವತ್ತು ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ.

ಜಗಳ ಹುಟ್ಟಿದ್ದೇ ಒಂದು ಗೆರೆಯಿಂದ. ಅರವತ್ತರ ದಶಕದ ಒಂದು ಮಳೆಗಾಲದ ಫೈನಲ್. ಕೊನೆಯ ನಿಮಿಷದಲ್ಲಿ ತರುಣದವರು ಹೊಡೆದ ಚೆಂಡು ಸ್ಟಾರ್‌ನ ಗೋಲಿನ ಬಾಯಲ್ಲಿ ಕೆಸರಿನಲ್ಲಿ ಹೂತು ನಿಂತಿತು. ಗೆರೆ ದಾಟಿದೆ ಎಂದು ತರುಣದವರು, ದಾಟಿಲ್ಲ ಎಂದು ಸ್ಟಾರ್‌ನವರು. ನೋಡೋಣವೆಂದರೆ ಗೆರೆಯೇ ಇಲ್ಲ, ಮಳೆಗೆ ತೊಳೆದುಹೋಗಿದೆ. ರೆಫರಿ ಸ್ವಲ್ಪ ಹೊತ್ತು ಯೋಚಿಸಿ ಸೈಕಲ್ ಹತ್ತಿ ಮನೆಗೆ ಹೋದರಂತೆ. ಇವತ್ತಿಗೂ ಎರಡೂ ಕ್ಲಬ್ಬಿನ ಗೋಡೆಯ ಮೇಲಿನ ಬೋರ್ಡಿನಲ್ಲಿ ಆ ವರ್ಷದ ವಿಜೇತರೆಂದು ತಮ್ಮ ತಮ್ಮ ಹೆಸರನ್ನೇ ಬರೆದುಕೊಂಡಿದ್ದಾರೆ. ನಾನು ಎರಡೂ ಬೋರ್ಡು ನೋಡಿ ಬಂದೆ. ಎರಡಕ್ಕೂ ಪ್ರತಿ ದೀಪಾವಳಿಗೆ ಹೊಸ ಬಣ್ಣ ಬೀಳುತ್ತದೆ.

ಆಮೇಲೆ ಶುರುವಾಯಿತು ಗೆರೆ ಯಾರು ಹಾಕಬೇಕೆಂಬ ಜಗಳ. ತರುಣದವರು ಹಾಕಿದರೆ ಸ್ಟಾರ್‌ನವರಿಗೆ ಅನುಮಾನ, ಸ್ಟಾರ್‌ನವರು ಹಾಕಿದರೆ ತರುಣದವರಿಗೆ ಸಂಕಟ. ಒಂದು ವರ್ಷವಂತೂ ಹಟಕ್ಕೆ ಬಿದ್ದು ಇಬ್ಬರೂ ಹಾಕಿದರು. ಒಂದೇ ಗೋಲಿಗೆ ಎರಡು ಗೆರೆ, ನಡುವೆ ಒಂದು ಮೊಳ ಜಾಗ. ದೇವರಿಗೂ ತಮಾಷೆ ಬೇಕು ನೋಡಿ, ಆವತ್ತು ಚೆಂಡು ಸರಿಯಾಗಿ ಆ ಎರಡು ಗೆರೆಗಳ ನಡುವೆ ಹೋಗಿ ನಿಂತಿತು. ಕೈಕೈ ಮಿಲಾಯಿಸಿ ಇಬ್ಬರ ಹಲ್ಲು ಹೋದವು.

ಆ ಹೊತ್ತಿನಲ್ಲಿ ಮೈದಾನದ ಪಕ್ಕದ ವಠಾರದಂಥ ಚಾಳಿನ ಗೋಡೆಗೆ ಸುಣ್ಣ ಬಳಿಯುತ್ತ ಏಣಿಯ ಮೇಲೆ ನಿಂತಿದ್ದ ಹುಡುಗನೇ ನಿಜಲಿಂಗಪ್ಪ. ವಿಜಯಪುರದ ಇಂಡಿ ಕಡೆಯಿಂದ ಹೊಟ್ಟೆಪಾಡಿಗೆ ಬಂದವನು. ಮರಾಠಿ ಅರೆಬರೆ, ಫುಟ್‌ಬಾಲ್ ಪೂರ್ತಿ ಗೊತ್ತಿಲ್ಲ. ಎರಡೂ ಕಡೆಯ ಹಿರಿಯರಿಗೆ ಇವನೇ ಸರಿ ಎನ್ನಿಸಿತು. ಕೈಯಲ್ಲಿ ಬಕೀಟಿದೆ, ಊರಿನವನಲ್ಲ, ಯಾರ ಪೈಕಿಯೂ ಅಲ್ಲ. ಅವತ್ತೇ ಕರಾರಾಯಿತು: ಸುಣ್ಣವನ್ನು ಇಬ್ಬರೂ ಅರ್ಧರ್ಧ ಕೊಡಬೇಕು, ಗೆರೆಯನ್ನು ಇವನು ಇಲ್ಲವೇ ಇವನ ಮನೆಯವರೇ ಹಾಕಬೇಕು, ಇವನ ಮನೆಯವರು ಯಾರೂ ಯಾವತ್ತೂ ಕೆಂಪನ್ನಾಗಲಿ ನೀಲಿಯನ್ನಾಗಲಿ ತೊಡಕೂಡದು. ಮಾತಿನ ಕರಾರು, ಇವತ್ತಿನವರೆಗೆ ಮುರಿದಿಲ್ಲ.

ನಿಜಲಿಂಗಪ್ಪನವರನ್ನು ಮದುವೆಯಾಗಿ ಪುಣೆಗೆ ಬಂದ ಸಾವಂತ್ರವ್ವ ಮೊದಲ ಸಲ ಗೆರೆ ಹಾಕಿದ್ದು ಗಂಡ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ವರ್ಷ. ಹಗ್ಗ ಹಿಡಿದು, ಗೂಟ ಬಡಿದು ಗೆರೆಯನ್ನೇನೋ ನೇರವಾಗಿ ಎಳೆದರು. ಆದರೆ ಕೈಯ ರೂಢಿ ಬಿಡಬೇಕಲ್ಲ? ಹೊಸ್ತಿಲ ಪೂಜೆ ಮಾಡುವವರ ಕೈ ಅದು. ಗೋಲಿನ ಕಂಬಗಳಿಗೆ ಅರಿಸಿನ ಕುಂಕುಮ ಹಚ್ಚಿಬಿಟ್ಟರು. ಒಂದು ಗೋಲಿಗೆ ಹಚ್ಚುವಷ್ಟರಲ್ಲಿ ಭರಣಿ ಖಾಲಿ. ಇನ್ನೊಂದು ಗೋಲು ಹಾಗೇ ಉಳಿಯಿತು.

"ನನಗೇನ ಗೊತ್ರಿ" ಎಂದು ನಗುತ್ತಾರೆ ಈಗ. "ಟಾಸ್ ಆತು. ಬೋಳ ಗೋಲ ಸ್ಟಾರ್‌ನವರ ಪಾಲಿಗೆ ಬಂತು. ಅವರು ಕಂಬಾ ನೋಡಿದ್ರು, ಆ ಕಡೆ ಕಂಬಾ ನೋಡಿದ್ರು, ಕೂಗಲಿಕ್ಕೆ ಹತ್ತಿದ್ರು. ಕಾನಡಿ ಬಾಯಿ, ಅಂದ್ರ ಈ ಕನ್ನಡದಾಕಿ, ಮಾಟಾ ಮಾಡ್ಯಾಳ, ತರುಣದವರ ಗೋಲಿಗೆ ದೇವೀನ ಕಾವಲ ಇಟ್ಟಾಳ, ನಮ್ಮದು ತೆರೆದ ಬಿಟ್ಟಾಳ ಅಂತ!"

ಪಂದ್ಯ ನಿಂತಿತು. ಚಾಳಿನ ಅಜ್ಜಿಯೊಬ್ಬರು ತಮ್ಮ ದೇವರ ಗೂಡಿನ ಕುಂಕುಮ ತಂದುಕೊಟ್ಟ ಮೇಲೆಯೇ ಆಟ ಮುಂದುವರಿದದ್ದು. ಅಂದಿನಿಂದ ಅದೂ ಒಂದು ಪದ್ಧತಿಯಾಯಿತು. ಪಂದ್ಯಕ್ಕೆ ಮೊದಲು ಎರಡೂ ತಂಡದ ನಾಯಕರು ಎದುರಾಳಿಯ ಗೋಲಿನ ಕಂಬಕ್ಕೆ ತಾವೇ ಕುಂಕುಮ ಹಚ್ಚಬೇಕು. ನಾಯಕ ಅಂಥೋನಿಯಾಗಲಿ, ಅಸ್ಲಮನಾಗಲಿ, ಹಚ್ಚಲೇಬೇಕು. ಇದನ್ನು ಶಾಸ್ತ್ರವೆಂದು ನಂಬಿರುವ ಹೊಸ ಹುಡುಗರಿಗೆ ಇದರ ಮೂಲ ಒಂದು ಖಾಲಿ ಭರಣಿ ಎಂದು ತಿಳಿದಿಲ್ಲ.

ನಿಜಲಿಂಗಪ್ಪ ತೀರಿಕೊಂಡು ಹದಿನೈದು ವರ್ಷವಾಯಿತು. ವಾರದ ದಿನಗಳಲ್ಲಿ ಸಾವಂತ್ರವ್ವ ಪಿಂಪ್ರಿಯ ಖಾನಾವಳಿಯೊಂದಕ್ಕೆ ಜೋಳದ ರೊಟ್ಟಿ ಬಡಿಯುತ್ತಾರೆ, ದಿನಕ್ಕೆ ನೂರೈವತ್ತರ ಮೇಲೆ. ಶನಿವಾರ ಭಾನುವಾರ ಮೈದಾನದಲ್ಲಿ ಬೇರೆ ಪಂದ್ಯಗಳಿಗೂ ಗೆರೆ ಹಾಕುವ ಕೆಲಸ. ಸುಣ್ಣ ತಿಂದ ಬೆರಳುಗಳು ಒಡೆದಿವೆ; ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಬೆಳಿಗ್ಗೆ ರೊಟ್ಟಿ ತಟ್ಟಲು ಬರುತ್ತದೆ. ಒಮ್ಮೆ ಕಣ್ಣಿಗೆ ಸುಣ್ಣ ಸಿಡಿದು ಎರಡು ವಾರ ಕತ್ತಲಲ್ಲಿ ಕೂತಿದ್ದರು. ಈ ಕಷ್ಟಗಳನ್ನು ಹೇಳುವಾಗ ಅವರ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮಕ್ಕಳ ಮಾತು ಬಂದಾಗ ಮಾತ್ರ ಹಗ್ಗ ಸುತ್ತುವ ಕೈ ನಿಲ್ಲುತ್ತದೆ.

ಮಗ ಮಾಂತು ಹದಿನಾರನೆಯ ವಯಸ್ಸಿಗೆ ಒಳ್ಳೆಯ ಗೋಲ್‌ಕೀಪರ್ ಆಗಿದ್ದ. ಸ್ಟಾರ್‌ನವರು ಮನೆಗೆ ಬಂದು ಕರೆದರು. ಸಾವಂತ್ರವ್ವ ಬೇಡವೆಂದರು. ಮನೆಯಲ್ಲೊಂದು ನೀಲಿ ಜೆರ್ಸಿ ಬಂದರೆ ಗಂಡ ಉಳಿಸಿಕೊಂಡು ಬಂದ ಗೆರೆ ಅವತ್ತಿಗೇ ಮುಗಿಯುತ್ತಿತ್ತು. ಮಾಂತು ಕೀಪರ್ ಗ್ಲೌಸು ಕಳಚಿಟ್ಟ. ಈಗ ಚಿಂಚವಾಡದ ಕಾರ್ಖಾನೆಯಲ್ಲಿ ಬಿಡಿಭಾಗ ತಯಾರಿಸುತ್ತಾನೆ, ಚೆಂಡು ಮುಟ್ಟುವುದಿಲ್ಲ.

ಈಗ ಅದೇ ಪ್ರಶ್ನೆ ಮತ್ತೆ ಬಾಗಿಲಿಗೆ ಬಂದಿದೆ. ಮಗಳು ಸ್ನೇಹಲ್‌ಗೆ ಹದಿನೇಳು. ಬಯಲಿನಲ್ಲಿ ಹುಡುಗರ ಜೊತೆ ಆಡಿ ಬೆಳೆದವಳು, ಎಡಗಾಲಿನಿಂದ ಹೊಡೆದರೆ ಹಿಡಿಯುವವರಿಲ್ಲ. ಮುಂದಿನ ತಿಂಗಳು ಈ ಎರಡು ಕ್ಲಬ್ಬುಗಳ ಹುಡುಗಿಯರ ನಡುವೆ ಮೊಟ್ಟಮೊದಲ ಪಂದ್ಯ ನಡೆಯಲಿದೆ. ತರುಣದ ಹುಡುಗಿಯರ ಕೋಚ್ ನೀಲಿಮಾ ಸ್ನೇಹಲ್‌ಳನ್ನು ಕೇಳಿದ್ದಾರೆ. ಉತ್ತರ ಇವತ್ತೇ ಬೇಕು. ಮಗಳು ಕೆಂಪು ತೊಟ್ಟರೆ ಅಮ್ಮ ಹಗ್ಗ ಕೆಳಗಿಡಬೇಕು.

ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ಉಂಡಿಲ್ಲ. ಬಾಯಿ ತೆರೆದವನು ಮಾಂತು. "ಅವ್ವಾ, ನನಗ ಬ್ಯಾಡ ಅಂದಿ, ನಾ ಸುಮ್ಮನಾದೆ. ಈಕಿಗೆ ಅನಬ್ಯಾಡ" ಎಂದನಂತೆ. ಅಷ್ಟೇ ಹೇಳಿ ಶಿಫ್ಟಿಗೆ ಹೋದನಂತೆ. ಇದನ್ನು ಹೇಳುವಾಗ ಸಾವಂತ್ರವ್ವ ಮೈದಾನದ ಆ ತುದಿಯತ್ತ ನೋಡುತ್ತಾರೆ.

"ಇವತ್ತ ಕಡೀ ಗೆರೀರಿ" ಎನ್ನುತ್ತಾರೆ. "ಪಂದ್ಯಾ ಮುಗದ ಮ್ಯಾಲ ಹಗ್ಗಾ ಇಬ್ಬರ ಮುಂದ ಇಟ್ಟು ಬರ್ತೀನಿ. ನಮ್ಮ ಮನಿಯವರು ಇದ್ದಿದ್ರ ಏನಂತಿದ್ರೋ ಗೊತ್ತಿಲ್ಲ. ನನಗ ಮಾತ್ರ ಇನ್ನೊಮ್ಮೆ ಬ್ಯಾಡ ಅನ್ನಲಿಕ್ಕೆ ಬಾಯಿ ಬರವಲ್ದು."

ಹೀಗೆಂದು ಸುಣ್ಣದ ನೀರಿನಲ್ಲಿ ಅದ್ದಿದ ಹಗ್ಗವನ್ನು ಎರಡು ಗೂಟಗಳ ನಡುವೆ ಬಿಗಿದು, ನಡುವೆ ಹಿಡಿದು ಮೀಟುತ್ತಾರೆ. ಮಣ್ಣಿನ ಮೇಲೆ ಬಿಳಿಯ ಗುರುತು ಬೀಳುತ್ತದೆ. ಅದರ ಮೇಲೆ ತೂತಿನ ಡಬ್ಬಿಯಿಂದ ಎರಡೂ ಚೀಲದ ಒಣ ಸುಣ್ಣ ಉದುರಿಸುತ್ತ ಹಿಂದೆ ಹಿಂದೆ ಸರಿಯುತ್ತಾರೆ. ಕಡೆಯ ಗೆರೆಯೂ ಹಗ್ಗದಷ್ಟೇ ನೇರ.

ಸಂಜೆ ಪಂದ್ಯ ನಡೆಯುತ್ತದೆ. ಬೈಗುಳ ಮೂರು ಭಾಷೆಯಲ್ಲಿ ಹಾರಾಡುತ್ತದೆ, ಸ್ಟಾರ್ ಒಂದು ಗೋಲಿನಿಂದ ಗೆಲ್ಲುತ್ತದೆ, ತರುಣದವರು ರೆಫರಿಯ ವಂಶವನ್ನೆಲ್ಲ ನೆನೆಯುತ್ತಾರೆ. ಗೆರೆಯ ಬಗ್ಗೆ ಒಬ್ಬರೂ ಚಕಾರ ಎತ್ತುವುದಿಲ್ಲ.

ಜನ ಕರಗುವ ಮುನ್ನ ಸಾವಂತ್ರವ್ವ ನಡುವಿನ ವೃತ್ತಕ್ಕೆ ನಡೆದು ಹೋಗುತ್ತಾರೆ. ಸುತ್ತಿದ ಹಗ್ಗ, ಗೂಟ, ತೂತಿನ ಡಬ್ಬಿ ಮೂರನ್ನೂ ನೆಲದ ಮೇಲಿಟ್ಟು, ಮರಾಠಿಯಲ್ಲಿ ಎರಡೇ ಮಾತು ಹೇಳುತ್ತಾರೆ: ಮಗಳು ತರುಣಕ್ಕೆ ಆಡುತ್ತಾಳೆ, ಗೆರೆಗೆ ಬೇರೆಯವರನ್ನು ನೋಡಿಕೊಳ್ಳಿ. ತರುಣದ ಕಡೆಯಿಂದ ಚಪ್ಪಾಳೆ ಬೀಳುತ್ತದೆ. ಸೋತ ದಿನವೂ ಅವರಿಗೊಂದು ಲಾಭ ಸಿಕ್ಕಿತಲ್ಲ! ಸ್ಟಾರ್‌ನ ಹುಡುಗನೊಬ್ಬ ಸಿಡಿಮಿಡಿಗೊಳ್ಳುತ್ತಾನೆ: "ಅವತ್ತು ಮಾಂತು ನಮಗೆ ಸಿಗಲಿಲ್ಲ. ಇವತ್ತು ತಂಗಿ ಅವರಿಗೆ ಸಿಗುತ್ತಾಳಾ? ಇದ್ಯಾವ ನ್ಯಾಯ?"

ಅವನ ಮಾತು ತಪ್ಪೆಂದು ನನಗೂ ಅನ್ನಿಸುವುದಿಲ್ಲ. ಸಾವಂತ್ರವ್ವನವರಿಗೂ ಅನ್ನಿಸಿರಲಿಕ್ಕಿಲ್ಲ, ತಲೆ ತಗ್ಗಿಸಿ ನಿಂತಿದ್ದಾರೆ.

ಆಗ ಮುಂದೆ ಬರುವವರು ಫ್ರಾನ್ಸಿಸ್ ಕಾಕಾ. ಸ್ಟಾರ್‌ನ ಕಾರ್ಯದರ್ಶಿ, ವಯಸ್ಸು ಎಪ್ಪತ್ತು ದಾಟಿದೆ, ಎರಡು ಗೆರೆಯ ವರ್ಷ ಹಲ್ಲು ಕಳೆದುಕೊಂಡ ಇಬ್ಬರಲ್ಲಿ ಒಬ್ಬರು. ಬಗ್ಗಲು ಕಷ್ಟಪಟ್ಟು ಬಗ್ಗಿ ನೆಲದ ಮೇಲಿನ ಹಗ್ಗ ಎತ್ತಿಕೊಳ್ಳುತ್ತಾರೆ. ಮರಾಠಿಯಲ್ಲಿ ಅವರು ಹೇಳಿದ್ದರ ತಾತ್ಪರ್ಯ ಇಷ್ಟು: "ಆ ಕರಾರು ಮಾಡಿದಾಗ ಈ ಮನೆಯವರು ಯಾರೆಂದು ನಮಗೆ ಗೊತ್ತಿರಲಿಲ್ಲ. ಈಗ ಗೊತ್ತು. ಮಾಂತು ವಿಷಯದಲ್ಲಿ ಕರಾರು ಸಡಿಲಿಸೋಣವೇ ಎಂದು ನಾವು ತರುಣದವರನ್ನು ಬಾಯಿಬಿಟ್ಟು ಕೇಳಲಿಲ್ಲ, ತಪ್ಪು ಮಾಡಿದೆವು. ಹುಡುಗಿ ಕೆಂಪಿಗೇ ಆಡಲಿ. ಗೆರೆಯನ್ನು ಸಾವಂತ್ರಾಬಾಯಿಯೇ ಹಾಕಲಿ. ಆಕೆ ಹಾಕಿದ ಗೆರೆ ದಾಟಿ ಆ ಹುಡುಗಿ ನಮಗೆ ಗೋಲು ಹೊಡೆದರೆ, ಅದು ಗೋಲೇ."

ಹೇಳಿ ಹಗ್ಗವನ್ನು ಅವರ ಕೈಗಿಡುತ್ತಾರೆ. ಚಪ್ಪಾಳೆ ನಿಲ್ಲಿಸಿ ತರುಣದವರೂ ಒಪ್ಪಿ ತಲೆಯಾಡಿಸುತ್ತಾರೆ. ಅರವತ್ತು ವರ್ಷ ಒಬ್ಬರನ್ನೊಬ್ಬರು ಒಂದು ಚೀಲ ಸುಣ್ಣದಷ್ಟೂ ನಂಬದವರು ಇವರು. ಸುಳ್ಳೇಕೆ, ನನ್ನ ಕಣ್ಣು ತುಂಬಿ ಬಂತು.

ಸ್ನೇಹಲ್ ಓಡಿ ಬಂದು ತಾಯಿಯನ್ನು ತಬ್ಬಿಕೊಳ್ಳುತ್ತಾಳೆ. ಮಾಂತು ದೂರದಲ್ಲಿ ಬೈಕಿನ ಮೇಲೆ ಕೂತೇ ಇದ್ದಾನೆ. ಸಾವಂತ್ರವ್ವ ಮಗಳ ತಲೆಯ ಮೇಲಿಂದ ಅವನನ್ನೇ ನೋಡುತ್ತಾರೆ. "ಒಂದ ನಿಮಿಷದಾಗ ಹೂಂ ಅಂದ್ರ ನೋಡ್ರಿ" ಎನ್ನುತ್ತಾರೆ ನನ್ನ ಕಡೆ ತಿರುಗಿ. "ಅವತ್ತ ನಾನೂ ಕೇಳಬೇಕಾಗಿತ್ತು. ಕೇಳಲೇ ಇಲ್ಲ. ಅವರು ಒಪ್ಪಂಗಿಲ್ಲ ಅಂತ ನಾನ ಠರಾಯಿಸಿಬಿಟ್ಟೆ." ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಸುಣ್ಣದ ಉರಿಯೆಂದೇ ನಾನು ಬರೆದುಕೊಂಡೆ.

ಮಾಂತು ಬಂದು ಗೂಟಗಳನ್ನು ಹೆಗಲಿಗೇರಿಸಿಕೊಳ್ಳುತ್ತಾನೆ. "ನಡೀ ಅವ್ವಾ, ಹಸಿವಾಗೇದ" ಎನ್ನುತ್ತಾನೆ. ಒಂದು ವಾರದ ನಂತರ ಆ ಮನೆಯಲ್ಲಿ ಯಾರಿಗೋ ಹಸಿವಾಗಿದೆ.

ಹೊರಡುವ ಮುನ್ನ ನಾನು ಕೊನೆಯದಾಗಿ ಕೇಳುತ್ತೇನೆ: ಮುಂದಿನ ತಿಂಗಳು ಸ್ನೇಹಲ್ ಗೋಲು ಹೊಡೆದರೆ ಏನು ಮಾಡುತ್ತೀರಿ?

ಸಾವಂತ್ರವ್ವ ಯೋಚಿಸುವುದೇ ಇಲ್ಲ.

"ಸುಮ್ಮನ ನಿಂದರತೀನ್ರಿ. ಗೆರಿ ಹಾಕಿದಾಕಿ ನಾ, ಅಲ್ಲೆ ಚಪ್ಪಾಳಿ ಹೊಡದ್ರ ಚಂದ ಕಾಣಂಗಿಲ್ಲ. ಮನಿಗೆ ಹೋಗಿ, ಕದಾ ಹಾಕ್ಕೊಂಡು, ಕೈ ನೋಯೂ ತನಕಾ ಹೊಡೀತೀನಿ."