ಗೋಡೆಗೆ ಬೇಡವಾದ ಹಳದಿ

ಖಾಲಮ್ಮನ ಬಲಗೈಯ ಬೆರಳುಗಳು ಯಾವಾಗಲೂ ಹಳದಿಯಾಗಿದ್ದವು ಎಂದು ಬರೆಯಹೊರಟಾಗಲೇ ಅನುಮಾನ ಬಂತು. ಅದು ನಮ್ಮ ಅಜ್ಜಿಯ ಕೈಯ ಅರಿಶಿನವೂ ಇರಬಹುದು. ಆಗ ನನಗೆ ಎಂಟೋ ಒಂಬತ್ತೋ ವರ್ಷ, ಕೆಲವು ವಿವರಗಳನ್ನು ಆಮೇಲೆ ಜೋಡಿಸಿಕೊಂಡಿದ್ದೇನೆ. ಆದರೆ ಆ ಕೈ ಮೊಟ್ಟೆ ಒಡೆಯುತ್ತಿದ್ದ ರೀತಿಯಲ್ಲಿ ನನಗೆ ಸಂಶಯವಿಲ್ಲ. ಮಣ್ಣಿನ ಕೊಡದ ಅಂಚಿಗೆ ಒಮ್ಮೆ ತಟ್ಟಿ, ಒಳಗಿನದನ್ನು ಅಂಗೈಗೆ ಸುರಿದುಕೊಂಡು, ಬೆರಳುಗಳನ್ನು ಸ್ವಲ್ಪವೇ ಸಡಿಲಿಸುವರು. ಬಿಳಿ ಕೊಡಕ್ಕೆ ಜಾರುವುದು. ಹಳದಿ ಒಡೆಯದೆ ಅಂಗೈಯಲ್ಲಿ ಕುಳಿತಿರುವುದು.

ಅವರು ಚಿತ್ರದುರ್ಗದಲ್ಲಿ ನಮ್ಮ ಹಿಂದಿನ ಓಣಿಯ ಗಾರೆ ಮೇಸ್ತ್ರಿಯ ಹೆಂಡತಿ. ಓಣಿಯ ಮಕ್ಕಳಂತೆ ನಾನೂ ಖಾಲಮ್ಮ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಮೇಸ್ತ್ರಿಯ ತಂದೆಯ ಕಾಲದಿಂದಲೂ ನಮ್ಮ ಮನೆಯ ಗೋಡೆ, ತಾರಸಿಗಳೆಲ್ಲ ಅವರ ಮನೆಯವರ ಕೈಕೆಲಸವೇ.

ನಮ್ಮ ಅಪ್ಪ ಹತ್ತಿ ವ್ಯಾಪಾರಿ. ಆ ವರ್ಷ ಹೊಸ ಪಡಸಾಲೆ ಕಟ್ಟಿಸಿದರು. ಮಠದ ಸ್ವಾಮಿಗಳನ್ನು ಕರೆಸಿ ಅಲ್ಲಿ ಪಾದಪೂಜೆ ಮಾಡಬೇಕೆಂಬುದು ಅವರ ಆಸೆ.

"ಗೋಡೇಲಿ ಮುಖ ಕಾಣ್ಬೇಕು ಮೇಸ್ತ್ರಿ" ಎಂದರು ಅಪ್ಪ.

"ಕಾಣಿಸ್ತೀನಿ ಸಾವ್ಕಾರ್ರೆ. ಅದಕ್ಕೆ ಏನೇನು ಬೀಳ್ತೈತೆ ಅಂತ ಮಾತ್ರ ಕೇಳ್ಬ್ಯಾಡ್ರಿ."

ಅಪ್ಪ ಕೇಳಲಿಲ್ಲ. ಸುಣ್ಣ, ಬೆಲ್ಲ, ಅಳಲೆಕಾಯಿ ನೀರು ಎಲ್ಲರಿಗೂ ಗೊತ್ತಿದ್ದವು. ಬೆಣಚುಕಲ್ಲಿನಿಂದ ತಿಕ್ಕುವ ಕೊನೆಯ ತೆಳು ಗಾರೆಗೆ ಮೊಟ್ಟೆಯ ಬಿಳಿಯೂ ಬೇಕು ಎಂಬುದು ಗಾರೆಯವರಿಗಷ್ಟೇ ಗೊತ್ತಿತ್ತು. ಅದಕ್ಕೆ ಹಳದಿ ಬೆರೆತರೆ ಹೊಳಪು ಕೆಡುತ್ತದೆ.

ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುತ್ತಿರಲಿಲ್ಲ. ಅಜ್ಜಿಗೆ ತಿಳಿದರೆ ಅಷ್ಟೂ ಗಾರೆಯನ್ನು ಕೆರೆಸಿ ಹಾಕಿಸುವರು, ಊರಿನ ಯಾವ ಲಿಂಗವಂತರ ಮನೆಯಲ್ಲೂ ಮೇಸ್ತ್ರಿಗೆ ಮತ್ತೆ ಕೆಲಸ ಸಿಗದು. ಹೀಗಾಗಿ ಬಿಳಿ ಬೇರೆ ಮಾಡುವ ಕೆಲಸ ಖಾಲಮ್ಮನ ಅಡುಗೆಮನೆಯಲ್ಲೇ ಆಗಿ, ಬಾಯಿಗೆ ಬಟ್ಟೆ ಕಟ್ಟಿದ ಕೊಡದಲ್ಲಿ ನಮ್ಮ ಮನೆಗೆ ಬರುತ್ತಿತ್ತು. ಅಲ್ಲಿ ದಿನಕ್ಕೊಂದು ಬೋಗುಣಿ ಹಳದಿ ಉಳಿಯುತ್ತಿತ್ತು. ಚರಂಡಿಗೆ ಸುರಿದರೆ ನಾಯಿ, ಕಾಗೆಗಳು ಸೇರಿ ನಮ್ಮ ಬೀದಿಯವರೆಗೂ ಸುದ್ದಿ ಮುಟ್ಟುತ್ತಿತ್ತು. ಆ ದಿನದ್ದು ಆ ದಿನವೇ ಮುಗಿಯಬೇಕು.

ಮೇಕೆಮರಿ ನೋಡುವ ನೆಪದಲ್ಲಿ ಹೋಗಿ ನಾನು ಅವರ ಅಡುಗೆಮನೆಯ ಹೊಸಿಲ ಮೇಲೆ ಕೂರುತ್ತಿದ್ದೆ. ಮೊದಲ ದಿನ ಹಳದಿಯನ್ನು ಈರುಳ್ಳಿ, ಹಸಿಮೆಣಸಿನಕಾಯಿ ಜೊತೆ ಗೋಧಿಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿದರು. ಮರುದಿನ ಸಕ್ಕರೆ, ತುಪ್ಪ ಹಾಕಿ ಸಣ್ಣ ಉರಿಯಲ್ಲಿ ಹಲ್ವ. ತುಪ್ಪ ಬಿಟ್ಟುಕೊಂಡು ರವೆಯಂತೆ ಉದುರುವವರೆಗೂ ಮಗುಚುತ್ತಲೇ ಇರಬೇಕಿತ್ತು. ಇನ್ನೊಂದು ದಿನ ತಟ್ಟೆಗೆ ಸುರಿದು ಹಬೆಯಲ್ಲಿ ಬೇಯಿಸಿ, ಚೌಕವಾಗಿ ಕೊಯ್ದು, ಖಾರ ಹಚ್ಚಿ ಕಾವಲಿಯ ಮೇಲೆ ಕೆಂಪಗೆ ಮಾಡಿದರು. ಬದನೆಕಾಯಿ ಸಾರನ್ನು ಅದರಿಂದ ಗಟ್ಟಿ ಮಾಡುವಾಗ ಹೇಳಿದ್ದು ಅಕ್ಷರಶಃ ನೆನಪಿದೆ ಎಂದುಕೊಂಡಿದ್ದೇನೆ: "ಕುದಿಯೋ ಸಾರಿಗೆ ಇದನ್ನ ಸುರಿದ್ರೆ ಒಡೀತೈತೆ ಬೇಟಿ. ಮೊದ್ಲು ಒಂದು ಸೌಟು ಸಾರು ಇದಕ್ಕೆ ಹಾಕ್ಬೇಕು, ಬಿಸಿ ಅಂದ್ರೆ ಏನಂತ ಗೊತ್ತಾಗ್ಲಿ. ಆಮ್ಯಾಲೆ ಪಾತ್ರೆ ಇಳಿಸಿ ಸೇರಿಸ್ಬೇಕು."

ಎರಡನೆಯ ವಾರದಲ್ಲೊಂದು ದಿನ ಮೇಸ್ತ್ರಿ ತಟ್ಟೆ ನೋಡಿ, "ಏನೇ, ಇವತ್ತೂ ಇದೇನಾ? ನನ್ನ ಕಣ್ಣು ನೋಡಿ ಹಕೀಮರು ಕಾಮಾಲೆ ಅಂತಾರೆ" ಎಂದರು.

"ಮುಖ ಕಾಣಿಸ್ತೀನಿ ಅಂದೋರು ಯಾರು, ನಾನಾ? ಸುಮ್ನೆ ತಿನ್ರಿ."

ಅಂದು ಮಿಕ್ಕದ್ದು ಇಬ್ಬರು ಸೊಸೆಯರ ತಲೆಗೂದಲಿಗೆ ಹೋಯಿತು. ತಮ್ಮತಮ್ಮಲ್ಲಿ ಉರ್ದು ಆಡುವ ಆ ಗಂಡಹೆಂಡತಿ ನನ್ನೆದುರು ಕನ್ನಡದಲ್ಲಿ ಜಗಳವಾಡಿದರೇ, ಅಥವಾ ನನ್ನ ನೆನಪೇ ಅದನ್ನು ಕನ್ನಡ ಮಾಡಿಕೊಂಡಿದೆಯೇ, ಹೇಳಲಾರೆ.

ಆ ಅಡುಗೆಗಳಲ್ಲಿ ಯಾವುದರ ರುಚಿಯೂ ನನಗೆ ಗೊತ್ತಿಲ್ಲ. ಹಲ್ವ ಮಾಡಿದ ದಿನ ಕೈ ಚಾಚಿದ್ದೆ. ಖಾಲಮ್ಮ ನನ್ನ ಕೈಗೆ ಹುರಿಗಡಲೆ ಹಾಕಿ, "ನಿಮ್ಮಜ್ಜಿ ಕೇಳಿದ್ರೆ ನೀನು ಸುಳ್ಳು ಹೇಳ್ಬೇಕಾಗ್ತೈತೆ. ಅದು ನನ್ನಿಂದ ಆಗೋದು ಬ್ಯಾಡ" ಎಂದರು.

ಸ್ವಾಮಿಗಳು ಬರುವ ದಿನ ಹತ್ತಿರವಾದರೂ ಅವರು ಕೂರುವ ಪೀಠದ ಹಿಂದಿನ ಗೋಡೆ ಮುಗಿದಿರಲಿಲ್ಲ. ಹೇಳಿ ಕಳಿಸಿ ಬೇಸತ್ತ ಅಜ್ಜಿ ತಾವೇ ಆ ಓಣಿಗೆ ಬಂದರು. ನಾನು ಬಾಗಿಲ ಹಿಂದೆ ಸರಿದೆ. ಅಡುಗೆಮನೆಯ ನೆಲದ ಮೇಲೆ ಹಳದಿಯ ಬೋಗುಣಿ, ಪಕ್ಕದಲ್ಲಿ ಬಿಳಿಯ ಕೊಡ, ಬುಟ್ಟಿಯ ತುಂಬ ಚಿಪ್ಪು.

"ಏನವ್ವಾ ಇದು, ಇಷ್ಟೊಂದು?"

"ತತ್ತಿ ಹಳದಿ, ಅಮ್ಮಾರೆ."

"ಬರೀ ಹಳದಿ ಐತಲ್ಲ. ಬಿಳೀದು ನಿಮ್ಮೋರು ತಿನ್ನಲ್ಲೇನು?"

ಖಾಲಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಕೊಡವನ್ನು ಮರೆಮಾಡಲಿಲ್ಲ. "ಬಿಳೀದು ಕೆಲಸಕ್ಕೆ ಹೋಗ್ತೈತ್ರಿ."

"ಯಾರ ಮನೆ ಕೆಲಸಕ್ಕೆ?"

"ಗೋಡೇಲಿ ಮುಖ ಕಾಣ್ಬೇಕು ಅಂದೋರ ಮನೆ ಕೆಲಸಕ್ಕೆ, ಅಮ್ಮಾರೆ."

ಅಜ್ಜಿ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡು ನಿಂತರು. ಆಮೇಲೆ, "ಸೋಮವಾರ ಸ್ವಾಮ್ಯಾರು ಬರ್ತಾರೆ. ಅಷ್ಟೊತ್ತಿಗೆ ಒಣಗ್ತೈತೇನು?" ಎಂದರು.

"ಒಣಗ್ತೈತ್ರಿ."

"ಹಂಗಾದ್ರೆ ಮುಗಿಸ್ರಿ."

ಅಜ್ಜಿ ಹೋದ ಮೇಲೆ ಖಾಲಮ್ಮ ಇನ್ನೊಂದು ಮೊಟ್ಟೆ ಎತ್ತಿಕೊಂಡರು. ಅದರ ಹಳದಿ ಅಂಗೈಯಲ್ಲೇ ಒಡೆದು ಬೆರಳ ಸಂದಿಯಿಂದ ಇಳಿಯಿತು. ಅವರ ಕೈಯಲ್ಲಿ ಹಾಗಾದದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಪಾದಪೂಜೆ ನಡೆಯಿತು. ಗೋಡೆಯಲ್ಲಿ ದೀಪಗಳು ಕಾಣುತ್ತಿದ್ದವು, ಬಂದವರೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಅದನ್ನು ನೋಡಿಯೇ ಇನ್ನೆರಡು ಮನೆಯವರು ಮೇಸ್ತ್ರಿಯನ್ನು ಕರೆಸಿಕೊಂಡರು.

ಖಾಲಮ್ಮ ತೀರಿಕೊಂಡಾಗ ನಾನು ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದೆ. ಅಣ್ಣನ ಕಾಗದದ ಕೊನೆಯಲ್ಲಿ ಒಂದು ಸಾಲು ಬಂತು, ಅಷ್ಟೇ. ಅಂದು ಒಂದು ಚೂರು ಹಲ್ವ ಕೊಟ್ಟಿದ್ದರೆ ನಾನು ಮನೆಯಲ್ಲಿ ಬಾಯಿಬಿಡುತ್ತಿದ್ದೆ, ಆ ಹೊಸಿಲಿಗೆ ಮತ್ತೆ ಹೋಗಲಾಗುತ್ತಿರಲಿಲ್ಲ. ಅದು ಅವರಿಗೆ ಆಗಲೇ ಗೊತ್ತಿತ್ತು. ನನಗೆ ಅರ್ಥವಾಗಲು ವರ್ಷಗಳು ಬೇಕಾದವು.

ಇದನ್ನೆಲ್ಲ ಹೊಸದುರ್ಗದಲ್ಲಿರುವ ಸೋದರತ್ತೆಗೆ ಹೇಳಿದೆ. "ನಮ್ಮವ್ವ ಆ ಓಣಿಗೆ ಕಾಲಿಟ್ಟೋರೇ ಅಲ್ಲ. ಓದಿ ಓದಿ ಕಥೆ ಕಟ್ಟೋದು ಕಲ್ತೀಯ ನೀನು" ಎಂದರು. ಇರಬಹುದು. ಆ ಮಾತುಕತೆ ನನಗೂ ಈಗ ತುಸು ಹೆಚ್ಚೇ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಪಾದಪೂಜೆಯ ಬೆಳಿಗ್ಗೆ ಅಜ್ಜಿಯ ಜೊತೆ ಪೀಠ ಜರುಗಿಸಲು ಕೈ ಹಚ್ಚಿದವರು ಈ ಅತ್ತೆಯೇ. ಅದನ್ನು ಅವರೇ ಎಷ್ಟೋ ಸಲ ಹೇಳಿದ್ದಾರೆ. ಹಾಗಾಗಿ ಒಂದು ಮಾತು ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದ ಮೊರ ಎತ್ತಿಕೊಂಡು ಒಳಗೆ ಹೋದರು, ಆಮೇಲೆ ಬರೆಸಿದ ಎರಡು ಕಾಗದಗಳಲ್ಲೂ ಅದರ ಸುದ್ದಿಯಿಲ್ಲ. ನಾನು ಕೇಳಿದ್ದು ಇಷ್ಟೇ: "ಅತ್ತೆ, ಸ್ವಾಮಿಗಳು ಬರೋಕೆ ಮುಂಚೆ ಅಜ್ಜಿ ಪೀಠಾನ ಆ ಗೋಡೆಯಿಂದ ಒಂದು ಮಾರು ಈಚೆಗೆ ಎಳೆಸಿದ್ದು ಯಾಕೆ?"