ಒಂಬತ್ತನೇ ಲೆಕ್ಕದ ಪೆನ್ಸಿಲ್ ಸಾಲು

ಕಸ್ತೂರಿ, ನಿನ್ನ ನೋಟ್‌ಬುಕ್ಕಿನಲ್ಲಿ ಒಂಬತ್ತನೇ ಲೆಕ್ಕದ ಪಕ್ಕ ಪೆನ್ಸಿಲ್ಲಿನಲ್ಲಿ ಬರೆದಿದ್ದ ಸಾಲನ್ನು ಅಳಿಸಿದವಳು ನಾನು. ತಾನಾಗಿ ಮಾಸಿದ್ದಲ್ಲ, ನೀನು ಬರೆಯಲು ಮರೆತದ್ದೂ ಅಲ್ಲ. ರಬ್ಬರು ನನ್ನದು, ಕೈ ನನ್ನದು. ಹನ್ನೊಂದು ವರ್ಷ ಇದನ್ನು ಬಾಯಿ ಬಿಡದೆ ಇಟ್ಟುಕೊಂಡೆ.

ಎಂ.ಎಸ್ಸಿ. ಎರಡನೇ ವರ್ಷ ನಮಗೆ ನ್ಯೂಮರಿಕಲ್ ಲೀನಿಯರ್ ಆಲ್ಜೀಬ್ರಾ ಇತ್ತು. ಸಮೀಕರಣಗಳನ್ನು ಬಿಡಿಸುವುದಷ್ಟೇ ಅಲ್ಲ, ಬಿಡಿಸುವಾಗ ಅಂಕಿಗಳನ್ನು ಮೊಟಕು ಮಾಡಿದರೆ ಉತ್ತರ ಎಲ್ಲಿ ಕೆಡುತ್ತದೆ ಎಂದು ನೋಡುವ ಪಾಠ. ಸರ್ ಹತ್ತು ಲೆಕ್ಕ ಕೊಟ್ಟಿದ್ದರು. ಬೇರೆಯವರೆಲ್ಲ ಸಂಜೆ ಲ್ಯಾಬಿನಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಮಾಡಿದರು. ಹಾಗೆ ಕುಳಿತರೆ ನಿನಗೆ ನಿಮ್ಮೂರು ನಿಡೋಣಿಯ ಬಸ್ಸು ತಪ್ಪುತ್ತಿತ್ತು. ಮನೆಯಲ್ಲೇ ಕ್ಯಾಲ್ಕುಲೇಟರ್ ಹಿಡಿದು, ಪ್ರತಿ ಹೆಜ್ಜೆಗೂ ನಾಲ್ಕೇ ಅಂಕಿ ಉಳಿಸಿಕೊಂಡು ಹತ್ತನ್ನೂ ಕೈಯಲ್ಲಿ ಮಾಡಿದೆ. ನಾನು? ಇಟ್ಟಂಗಿಹಾಳದಲ್ಲಿ ಬಸುರಿ ಅಕ್ಕನ ಕುಬಸದ ಊಟ ಬಡಿಸುತ್ತಿದ್ದೆ. ಜೋರಾಪುರ ಪೇಟೆಯ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಇತ್ತು, ಪುರುಸೊತ್ತೂ ಇತ್ತು. ಮಾಡಲಿಲ್ಲ, ಅಷ್ಟೇ.

ಕೊಡಬೇಕಾದ ದಿನ ನಿಮ್ಮವ್ವನಿಗೆ ಜ್ವರವೆಂದು ನೀನು ಮಧ್ಯಾಹ್ನವೇ ಹೊರಟೆ. ಪುಸ್ತಕ ನನ್ನ ಕೈಗಿಟ್ಟು, "ನಂದೂ ಕೊಟ್ಟಬಿಡಲೇ ಸುಧಾ. ಬೇಕಂದ್ರ ನೋಡ್ಕೋ. ಒಂಬತ್ತನೇದೊಂದು ತಾಳೆ ಆಗವಲ್ದು, ಸರ್‌ನ ಕೇಳಬೇಕು" ಅಂದೆ. ನೋಡಿಕೊಳ್ಳಲು ನೀನೇ ಹೇಳಿದ್ದೆ. ಹತ್ತಕ್ಕೆ ಹತ್ತೂ ಬರೆದುಕೊಳ್ಳಲು ಹೇಳಿರಲಿಲ್ಲ.

ಒಂಬತ್ತನೇ ಲೆಕ್ಕದಲ್ಲಿ ಇದ್ದದ್ದು ಎರಡೇ ಸಮೀಕರಣ. ಮೊದಲನೆಯದರಲ್ಲಿ ಒಂದು ಗುಣಕ ತೀರಾ ಸಣ್ಣದು — ಬಿಂದುವಾದ ಮೇಲೆ ನಾಲ್ಕು ಸೊನ್ನೆ, ಆಮೇಲೆ ಒಂದು. ಅದರಿಂದಲೇ ಭಾಗಿಸುತ್ತ ಹೋದರೆ, ನಾಲ್ಕೇ ಅಂಕಿ ಉಳಿಸಿದರೆ, ಒಂದು ಬರಬೇಕಾದ ಕಡೆ ಸೊನ್ನೆ ಬರುತ್ತದೆ. ನಿನಗೆ ಸೊನ್ನೆ ಬಂದಿತ್ತು. ಆದರೆ ನೀನು ಅಲ್ಲಿಗೆ ಬಿಟ್ಟಿರಲಿಲ್ಲ. ಸಂಶಯ ಬಂದದ್ದನ್ನೆಲ್ಲ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆಯುವುದು ನಿನ್ನ ರೂಢಿ. ಅಲ್ಲಿಯೂ ಬರೆದಿದ್ದೆ.

ಆ ಸಾಲು ನನಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಬರೆದುಕೊಂಡರೆ ಸರ್ ಕೇಳಿದಾಗ ಏನು ಹೇಳಲಿ? ಬಿಟ್ಟೆ. ಆಮೇಲೆ ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದಾಗ — ನಿನ್ನದರಲ್ಲಿ ಇದ್ದು ನನ್ನದರಲ್ಲಿ ಇಲ್ಲದಿದ್ದರೆ ಯಾರದು ಅಸಲು, ಯಾರದು ನಕಲು ಎಂದು ಕುರುಡರಿಗೂ ಕಾಣುತ್ತಿತ್ತು. ಅಳಿಸಿದೆ. ರಬ್ಬರಿನ ಪುಡಿಯನ್ನು ಬಾಯಿಂದ ಊದಿದ್ದೂ ನೆನಪಿದೆ.

ಎರಡು ದಿನ ಬಿಟ್ಟು ಸರ್ ಇಬ್ಬರನ್ನೂ ಕರೆದರು. "ಕಂಪ್ಯೂಟರ್‌ದಾಗ ಮಾಡಿದವರಿಗೆಲ್ಲ ಒಂದು ಬಂದೈತಿ. ಸೊನ್ನಿ ಬಂದದ್ದು ನಿಮ್ಮಿಬ್ಬರಿಗೇ. ಯಾರು ಯಾರದು ನೋಡಿ ಬರದೀರಿ?"

"ನಂದು ನಾನ ಮಾಡೀನ್ರಿ ಸರ್," ಅಂದೆ ನಾನು. ಎಷ್ಟು ಬೇಗ ಅಂದೆ ಗೊತ್ತೇ — ನೀನು ಬಾಯಿ ತೆರೆಯುವುದರೊಳಗೆ.

ನೀನು ಗಾಬರಿಯಾಗಲಿಲ್ಲ. ನನ್ನ ಹೆಸರನ್ನೂ ಎತ್ತಲಿಲ್ಲ. "ಸರ್, ಅದು ತಪ್ಪೈತಿ ಅಂತ ನನಗ ಗೊತ್ತಾಗಿತ್ರಿ. ಬಾಜೂಕ ಬರದೀನಿ ನೋಡ್ರಿ," ಅಂದೆ. ಸರ್ ಪುಸ್ತಕ ತೆರೆದು ನಿನ್ನ ಕಡೆ ತಿರುಗಿಸಿದರು. ಅಂಚು ಖಾಲಿ. ನೀನು ಹಾಳೆಯನ್ನು ಬೆಳಕಿಗೆ ಹಿಡಿದೆ, ಹಿಂದೆ ತಿರುವಿದೆ, ಮುಂದೆ ತಿರುವಿದೆ. ನಾನು ನನ್ನ ಚಪ್ಪಲಿ ನೋಡುತ್ತ ನಿಂತಿದ್ದೆ.

"ನಕಲು ಮಾಡಿದ್ದು ಒಂದು ತಪ್ಪು. ಸುಳ್ಳ ಹೇಳೂದು ಅದಕ್ಕಿಂತ ದೊಡ್ಡದವಾ," ಅಂದರು ಸರ್. ಅವರು ಕೆಟ್ಟವರಲ್ಲ. ಕಣ್ಣಿಗೆ ಕಂಡದ್ದನ್ನು ನಂಬಿದರು. ನಿನ್ನ ಇಂಟರ್ನಲ್ ಅಂಕ ಹೋದವು, ನನ್ನವು ಉಳಿದವು. ಮುಂದಿನ ವಾರ ಸರ್ ಅದೇ ಲೆಕ್ಕ ಬೋರ್ಡಿನ ಮೇಲೆ ಬಿಡಿಸಿ, ಎರಡು ಸಮೀಕರಣಗಳ ಸಾಲುಗಳನ್ನು ಅದಲುಬದಲು ಮಾಡಿ ದೊಡ್ಡ ಗುಣಕವನ್ನು ಮೇಲೆ ತಂದರೆ ಉತ್ತರ ಸರಿಯಾಗುತ್ತದೆ ಎಂದು ತೋರಿಸಿದರು. ಆಗ ನಿನ್ನ ಸಾಲಿನ ಅರ್ಥ ನನಗಾಯಿತು. ಆಗಲೂ ಎದ್ದು ನಿಲ್ಲಲಿಲ್ಲ. ನೀನೂ ಅವತ್ತಿನಿಂದ ಆ ತರಗತಿಯಲ್ಲಿ ಕೈ ಎತ್ತಲಿಲ್ಲ.

ಈಗ ಆ ಪಾಠವನ್ನು ಮಾಡುವವಳು ನಾನು. ಪ್ರತಿ ವರ್ಷ ಆ ಲೆಕ್ಕವನ್ನೇ ಕೊಡುತ್ತೇನೆ. ಹುಡುಗಿಯರು "ಏನ ಮಸ್ತ ಲೆಕ್ಕರೀ ಮೇಡಂ" ಅನ್ನುತ್ತಾರೆ. ಹ್ಞೂಂ ಅಂತ ನಗುತ್ತೇನೆ. ನಾಚಿಕೆಗೆಟ್ಟವಳು.

ಇಷ್ಟೇ ಆಗಿದ್ದರೆ ಅಂಕಗಳ ಮಾತು ಎಂದು ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ — ನನ್ನನ್ನು ನಾನು ಬಲ್ಲೆ. ಆದರೆ ಹೋದ ತಿಂಗಳು ತಿಕೋಟಾ ಬಸ್ ನಿಲ್ದಾಣದಲ್ಲಿ ನೀನು ಸಿಕ್ಕೆ. ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೀಯೆಂದು ಆಗಲೇ ತಿಳಿದದ್ದು. ನನ್ನನ್ನು ಬಿಡಲಿಲ್ಲ, ಚಹಾ ಕುಡಿಸಿದೆ. ಮಕ್ಕಳ ಪೇಪರುಗಳನ್ನು ಮೂರು ಮೂರು ಸಲ ತಿದ್ದುತ್ತೇನೆ ಅಂದೆ. ಯಾಕೆ ಎಂದು ನಾನು ಕೇಳಿದ್ದಕ್ಕೆ ನೀನು ನಕ್ಕು ಹೇಳಿದೆ:

"ಅವತ್ತ ಸರ್ ಮುಂದ ಆತಲ್ಲ, ನೆಪ್ಪೈತಿ? ಬರದಿದ್ನಿ ಅಂತ ನನಗ ಖಾತ್ರಿ ಇತ್ತ ಲೇ. ಹಾಳಿ ಮ್ಯಾಲ ಇರಲೇ ಇಲ್ಲ. ತಲಿಯೊಳಗಷ್ಟ ಬರದಿದ್ನೇನೋ. ಅವತ್ತಿಂದ ನನ್ನ ನೆಪ್ಪಿನ ಮ್ಯಾಲ ನನಗ ನಂಬಿಗಿ ಇಲ್ಲ ನೋಡು."

ನನ್ನ ಮೇಲೆ ಒಂದು ಸಣ್ಣ ಅನುಮಾನವೂ ನಿನಗೆ ಬಂದಿರಲಿಲ್ಲ. ಹನ್ನೊಂದು ವರ್ಷ ನಿನ್ನ ಮೇಲೇ ನೀನು ಅನುಮಾನಪಟ್ಟಿದ್ದೀ. ಅಲ್ಲಿಯೇ ಹೇಳಬೇಕಿತ್ತು. ಬಾಯಿಯವರೆಗೆ ಬಂತು — ಬಸ್ಸೂ ಬಂತು. ಹತ್ತಿ ಕುಳಿತೆ. ಎರಡನೇ ಸಲ ಅಳಿಸಿದಂತಾಯಿತು.

ಸರ್‌ಗೆ ಪತ್ರ ಹಾಕಿದ್ದೇನೆ. ಈ ಕಾಗದವನ್ನು ಭಾನುವಾರ ನಾನೇ ನಿಡೋಣಿಗೆ ತಂದು ನಿನ್ನ ಕೈಗೆ ಕೊಡುತ್ತೇನೆ. ಓದಿ ಬಯ್ಯಿ, ಹೊಸಿಲು ದಾಟಬೇಡ ಅನ್ನು, ಅದು ನಿನ್ನ ಇಷ್ಟ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ನಿನ್ನ ನೆನಪು ನೆಟ್ಟಗಿದೆ ಎಂದು ಹೇಳಲು ಬರುತ್ತಿದ್ದೇನೆ. ನೀನು ಬರೆದಿದ್ದೆ, ಕಸ್ತೂರಿ. ಎಡಗಡೆಯ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ಹೀಗೆ:

"ಉತ್ತರ ತಿರುಗಿ ಹಾಕಿ ನೋಡಿದೆ, ಎರಡನೇ ಸಾಲು ಕೂಡುತ್ತಿಲ್ಲ. ಕೆಳಗಿನ ಸಾಲು ಮೇಲೆ ತಂದರೆ? ಸರ್‌ಗೆ ಕೇಳಬೇಕು."